ಗುಲಾಬಿ ಮಣಿಗಳು

ಹದಿನಾಲ್ಕನೆಯ ಚಿತ್ರ ಪರದೆಯ ಮೇಲೆ ಬಂದ ಕೂಡಲೇ ಮೇಡಂ ನೀರಿನ ಲೋಟಕ್ಕೆ ಕೈಚಾಚಿದರು. ಒಂಬತ್ತು ವರ್ಷಗಳಿಂದ ಇದೇ ಚಿತ್ರಕ್ಕೆ ಇದೇ ಗುಟುಕು. ಊರಿನ ಗಾಳಿಯಲ್ಲಿರುವ ದೂಳನ್ನು ತೋರಿಸುವ ಗೆರೆ ಎಡಗಡೆ ಎತ್ತರದಲ್ಲಿದ್ದದ್ದು, ಲಾರಿಗಳು ಹಗಲಲ್ಲಿ ಊರೊಳಗೆ ಬರಕೂಡದೆಂಬ ನಿಯಮ ಬಂದ ವರ್ಷ ಧಡಕ್ಕನೆ ಕೆಳಗಿಳಿದಿತ್ತು. ಇದನ್ನು ಕಂಡವರು ತಲೆದೂಗುತ್ತಾರೆ, ಕೆಲವು ದೇಶಗಳಲ್ಲಿ ಚಪ್ಪಾಳೆಯೂ ಬೀಳುತ್ತದೆ. ಅಷ್ಟರಲ್ಲಿ ಗಂಟಲು ಒದ್ದೆ ಮಾಡಿಕೊಳ್ಳಬಹುದು.

ಇಂದು ವಿಡಿಯೋ ಕರೆಯಲ್ಲಿ ಪರದೆಯ ಆಚೆ ಕುಳಿತವರು ದೂರದ ಒಂದು ನಗರಸಭೆಯ ಹನ್ನೆರಡು ಮಂದಿ. ನಡುವೆ ಒಬ್ಬ ದುಭಾಷಿ. ಮೇಡಂ ಹೇಳಿದ ಮಾರುದ್ದದ ಮಾತು ಅವನ ಬಾಯಲ್ಲಿ ಎರಡೇ ಪದವಾಗುತ್ತಿತ್ತು. ಅವರ ಒಂದು 'ಹೂಂ' ಈ ಕಡೆ ಬರುವಾಗ ಮೂರು ವಾಕ್ಯವಾಗಿರುತ್ತಿತ್ತು. ಇಪ್ಪತ್ಮೂರು ದೇಶಗಳಿಗೆ ಪಾಠ ಹೇಳಿದ ಮೇಡಂಗೆ ಇದೆಲ್ಲ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ದಣಿವೊಂದೇ. ಅದು ಪ್ರತಿಸಲವೂ ಹೊಸದಾಗಿ ಬಂದು ಹೆಗಲ ಮೇಲೆ ಕೂರುತ್ತಿತ್ತು.

ಪಕ್ಕದಲ್ಲಿ ಗಾಳಿ ಅಳೆಯುವ ಸಂಸ್ಥೆಯ ನಿರ್ದೇಶಕರಾದ ಸಾಹೇಬರು. ಬಾಗಿಲ ಬಳಿ ತಕ್ಕಡಿಯಣ್ಣ. ಮೂವತ್ತೈದು ವರ್ಷ ಪ್ರಯೋಗಾಲಯದಲ್ಲಿ ದೂಳನ್ನೇ ತೂಗಿ ಆ ಹೆಸರು ಪಡೆದ ಮನುಷ್ಯ, ಬರುವ ವಾರ ನಿವೃತ್ತಿ. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಿ ತೂಗುವುದನ್ನು ಕಲಿಸಿದವನೂ ಅವನೇ. ಕೈಯಾರೆ ತೂಗುವವರೂ ಸಭೆಯಲ್ಲಿರಲಿ ಎಂದು ಆ ಕಡೆಯವರು ಪತ್ರದಲ್ಲಿ ಕೇಳಿಕೊಂಡಿದ್ದರು.

"ನೀವು ಸುಮ್ನೆ ಕೂತು ನಗ್ತಾ ಇದ್ರೆ ಸಾಕು," ಎಂದಿದ್ದರು ಸಾಹೇಬರು.

"ನಗೋ ಕೆಲಸಕ್ಕೆ ನನ್ನನ್ನ ಯಾವತ್ತೂ ಹಾಕಿರ್ಲಿಲ್ಲ ಸಾರ್, ನೋಡ್ತೀನಿ," ಎಂದಿದ್ದ ಅವನು.

ಮೇಡಂ ಲೋಟ ಕೆಳಗಿಡುವಷ್ಟರಲ್ಲಿ ಆ ಕಡೆ ಬೂದುಬಣ್ಣದ ಸ್ವೆಟರಿನ ಹೆಂಗಸೊಬ್ಬಳು ಕೈಯೆತ್ತಿದಳು. ಅಲ್ಲಿಯ ಪ್ರಯೋಗಾಲಯದವಳಂತೆ. ಅವಳು ಬಹಳ ಹೊತ್ತು ಮಾತಾಡಿದಳು. ದುಭಾಷಿ ಗಂಟಲು ಸರಿಮಾಡಿಕೊಂಡ.

"ನಾಳೆ ಇವರ ಸಭೇಲಿ ಮತಕ್ಕೆ ಹಾಕ್ತಾರಂತೆ. ಎರಡು ನಿಯಮ ಇವೆ, ಒಂದು ಲಾರಿಗಳಿಗೆ, ಇನ್ನೊಂದು ಕಬ್ಬಿಣ ಕರಗಿಸೋ ಕುಲುಮೆಗಳಿಗೆ. ಎರಡನ್ನೂ ಒಟ್ಟಿಗೆ ತಂದ್ರೆ ಜನ ಒಪ್ಪಲ್ಲ. ನಿಮ್ಮ ಗೆರೆ ನೋಡಿದ್ರೆ ಲಾರಿ ನಿಲ್ಲಿಸಿದ್ರೇನೇ ಇಷ್ಟು ಇಳಿಯುತ್ತಲ್ಲ, ಕುಲುಮೆ ನಿಯಮ ಬಿಟ್ಟುಬಿಡೋಣ ಅಂತಿದಾರೆ. ಬಿಡಬಹುದಾ ಅಂತ ಕೇಳ್ತಿದಾರೆ. ಇವರ ಮೊಮ್ಮಗಳ ಶಾಲೆ ಕುಲುಮೆಗಳ ಹಿಂದೇನೇ ಇದೆಯಂತೆ."

ಸಾಹೇಬರು ಚೀಟಿಯೊಂದನ್ನು ಮೆಲ್ಲಗೆ ಸರಿಸಿದರು. 'ಹೌದು ಎಂದು ಹೇಳಿ ಮುಗಿಸಿ.'

ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವರೆಲ್ಲ ದಂಡ ಎಷ್ಟು, ಪೊಲೀಸರು ಎಷ್ಟು ಎಂದೇ ಕೇಳಿದ್ದರು. ಮೇಡಂ ಪರದೆಯ ಮೇಲಿನ ಆ ಎತ್ತರದ ಗೆರೆಯನ್ನು ನೋಡಿದರು. ಅದನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ಯಾರೆಂದು ಈ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಲಾರಿ ನಿಯಮ ಬರುವ ಹಿಂದಿನ ವರ್ಷ ತೂಗುತ್ತಿದ್ದವರು ಮೇಡಂ. ಬಿಳಿ ಫಿಲ್ಟರ್ ಕಾಗದಗಳನ್ನೆಲ್ಲ ಬೇಸಿಗೆಯಲ್ಲೇ ತೂಗಿ ಇಟ್ಟಿದ್ದರು. ಯಂತ್ರದೊಳಗೆ ಗಾಳಿ ಎಳೆದು ಕಪ್ಪಾಗಿ ಬಂದ ಕಾಗದವನ್ನು ಗಾಜಿನ ಪೆಟ್ಟಿಗೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಹೆಚ್ಚಾದ ತೂಕವೇ ದೂಳು. ಪೆಟ್ಟಿಗೆಯ ತಳದಲ್ಲಿ, ಬಾಟಲಿಯಿಂದ ಸುರಿದ, ತೇವ ಹೀರುವ ನೀಲಿ ಮಣಿಗಳಿರುತ್ತವೆ. ಹೀರಿ ಸಾಕಾದರೆ ಅವು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಓವನ್‌ನಲ್ಲಿ ಕಾಯಿಸಿದರೆ ಮತ್ತೆ ನೀಲಿ. ಆ ಮಳೆಗಾಲ ಓವನ್ ಕೆಟ್ಟು ಕೂತಿತ್ತು. "ಮಣಿ ಗುಲಾಬಿಯಾಗಿದೆ ತಂಗಿ, ಈಗ ತೂಗ್ಬೇಡ, ನೀರನ್ನೂ ಸೇರಿಸಿ ತೂಗಿದ ಹಾಗಾಗುತ್ತೆ," ಎಂದು ತಕ್ಕಡಿಯಣ್ಣ ಹೇಳಿದ್ದ. ವರದಿಗೆ ಗಡುವಿತ್ತು. ಮನೆಯಲ್ಲಿ ಆರು ತಿಂಗಳ ಮಗು ಅಳುತ್ತಿತ್ತು. ನಾಲ್ಕು ತಿಂಗಳ ಕಾಗದಗಳನ್ನು ಮೇಡಂ ಹಾಗೆಯೇ ತೂಗಿ ಬರೆದುಬಿಟ್ಟರು. ಮರುವರ್ಷ ಲಾರಿ ನಿಯಮ ಬಂತು, ಓವನ್ನೂ ರಿಪೇರಿಯಾಯಿತು, ಗೆರೆ ಇಳಿಯಿತು. ಆಮೇಲೆ ಚಪ್ಪಾಳೆ ಶುರುವಾಯಿತು. ಹಿಂದಿನ ವರ್ಷದ ಆ ಎತ್ತರದಲ್ಲಿ ನೀರೂ ಸೇರಿತ್ತೆಂದು ಆಗ ಯಾರಿಗೆ ಹೇಳುವುದು?

ಈಗ ಬಾಯಿ ಬಿಟ್ಟರೆ ಒಂಬತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ನಾಳೆ ಆ ಕುಲುಮೆಗಳು ನಿಶ್ಚಿಂತೆಯಿಂದ ಉರಿಯುತ್ತವೆ. ಮೇಡಂಗೆ ಧೈರ್ಯವೇನೂ ಉಕ್ಕಿ ಬರಲಿಲ್ಲ. ಮತ್ತೊಮ್ಮೆ 'ಹೌದು' ಎನ್ನುವಷ್ಟು ತ್ರಾಣ ಉಳಿದಿರಲಿಲ್ಲ, ಅಷ್ಟೆ.

"ಅಣ್ಣ, ಆ ಮಣಿ ಬಾಟ್ಲಿ ತಗೊಂಡ್ಬನ್ನಿ."

ತಕ್ಕಡಿಯಣ್ಣ ಎದ್ದು ಹೋದ. ಸಾಹೇಬರು ಕೈಯಿಂದ ಬಾಯಿ ಮರೆಮಾಡಿಕೊಂಡು, "ಏನು ಮಾಡ್ತಿದೀರಿ ಮೇಡಂ?" ಎಂದರು.

"ತಿದ್ತಾ ಇದೀನಿ ಸಾರ್."

ಬಾಟಲಿ ಬಂತು. ಮೇಡಂ ಅದನ್ನು ಕ್ಯಾಮೆರಾಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೇಳಿದರು: ಮಳೆಗಾಲ, ಓವನ್, ಗಡುವು, ತಮ್ಮದೇ ಕೈ. "ಲಾರಿ ನಿಂತ ಮೇಲೆ ದೂಳು ಇಳಿದಿದ್ದು ನಿಜ. ಎಷ್ಟು ಇಳೀತು ಅನ್ನೋದು ನನಗೆ ಗೊತ್ತಿಲ್ಲ. ಈ ಗೆರೆ ನಂಬ್ಕೊಂಡು ಕುಲುಮೆ ನಿಯಮ ಬಿಡಬೇಡಿ." ದುಭಾಷಿ ಅಂದು ಮೊದಲ ಬಾರಿಗೆ ಅವರಷ್ಟೇ ಹೊತ್ತು ತೆಗೆದುಕೊಂಡ.

ಆ ಕಡೆ ಒಬ್ಬ ಪೆನ್ನಿನ ಮುಚ್ಚಳ ಹಾಕಿದ. ಸ್ವೆಟರಿನ ಹೆಂಗಸು ಎದ್ದು ಹೊರಟೇಹೋದಳು. ಸಾಹೇಬರು ಚೀಟಿಯನ್ನು ಮಡಚಿ, ಮತ್ತೆ ಮಡಚಿ, ಜೇಬಿಗೆ ಹಾಕಿಕೊಂಡರು. "ಮುಗೀತು," ಎಂದರು, ಯಾರಿಗೂ ಅಲ್ಲ.

ಮೇಡಂ ಖಾಲಿ ಕುರ್ಚಿಯನ್ನೇ ನೋಡುತ್ತಾ ಕುಳಿತರು. ಐದು ನಿಮಿಷವಾಗಿರಬಹುದು. ಆ ಹೆಂಗಸು ಏದುಸಿರು ಬಿಡುತ್ತಾ ಮರಳಿದಳು, ಕೈಯಲ್ಲೊಂದು ಗಾಜಿನ ಬಾಟಲಿ. ಕ್ಯಾಮೆರಾಗೆ ತೀರ ಹತ್ತಿರ ಹಿಡಿದಳು. ಪರದೆಯ ತುಂಬ ಮಣಿಗಳು. ಒಂದೂ ನೀಲಿ ಇರಲಿಲ್ಲ.

ತಕ್ಕಡಿಯಣ್ಣ ಕನ್ನಡಕ ಏರಿಸಿ ನೋಡಿದ. ಬಾಗಿಲ ಬಳಿಯ ತನ್ನ ಕುರ್ಚಿಯನ್ನು ಎಳೆದು ತಂದು ಪರದೆಯ ಮುಂದೆ ಹಾಕಿಕೊಂಡ.

"ಅವರ ಓವನ್ ಚೆನ್ನಾಗಿದ್ಯಾ," ಎಂದ, "ಕೇಳು ತಂಗಿ."