ಹಿಂದಿನ ಸೀಟಿನ ಮೂಟೆ

"ಅಪ್ಪಾ, ಒಂದ್ ಕೈ ಹಾಕು. ಇದು ಅಲ್ಲಾಡ್ತಾನೇ ಇಲ್ಲ."

ಬೈಕಿನ ಹಿಂದಿನ ಸೀಟಿಗೆ ಕಟ್ಟಿದ್ದ ಮೂಟೆಯನ್ನು ಚೇತನ್ ತಬ್ಬಿಕೊಂಡು ಏದುಸಿರು ಬಿಡುತ್ತಿದ್ದ. ಅಂಗಳದಲ್ಲಿ ಚಟ್ಟ ಕಟ್ಟಬೇಕು, ಸರಿಯಾಗಿ ಅಲ್ಲೇ ಬೈಕು ನಿಂತಿತ್ತು. ಅದರ ಯಜಮಾನ ಗಂಗಹನುಮಯ್ಯ ಜಗುಲಿಯ ಮೇಲೆ ಹಾರ ಹಾಕಿಸಿಕೊಂಡು ಮಲಗಿದ್ದ. ಪಕ್ಕದಲ್ಲಿ ಹೆಂಡತಿ ಹನುಮಕ್ಕ ಕೂತು, ಮೈದುನ ಬೋರಯ್ಯ ಮತ್ತು ಅವನ ಮಗ ಚೇತನ್ ಪಡುತ್ತಿದ್ದ ಪಾಡನ್ನು ಒಣಗಣ್ಣಲ್ಲಿ ನೋಡುತ್ತಿದ್ದಳು.

"ಕಡ್ಲೇಕಾಯಿ ಮೂಟೆ ಇಷ್ಟು ತೂಕ ಇರಾಕಿಲ್ಲ ಕಣ್ಲಾ" ಎನ್ನುತ್ತಾ ಬೋರಯ್ಯ ಹಗ್ಗ ಬಿಚ್ಚಿದ. ಮೂಟೆ ಜಾರಿ ಬಿತ್ತು, ಹೊಲಿಗೆ ಬಿಟ್ಟಿತು. ಒಳಗಿನಿಂದ ಸುರಿದದ್ದು ಕಡಲೆಕಾಯಲ್ಲ, ಮರಳು.

ಅಳುತ್ತಿದ್ದವರೂ ಅಳು ನಿಲ್ಲಿಸಿ ಕತ್ತು ಚಾಚಿದರು. ಈ ಮೂಟೆಯನ್ನು ಕಾಣದವರು ಊರಲ್ಲಿ ಯಾರೂ ಇರಲಿಲ್ಲ. ಗಂಗಹನುಮಯ್ಯ ವಾರವಾರ ಅದನ್ನು ಕಟ್ಟಿಕೊಂಡು ಸಿರಾಕ್ಕೆ ಹೋಗುತ್ತಿದ್ದ, ಸಂಜೆ ಹಾಗೇ ವಾಪಸ್ಸು ತರುತ್ತಿದ್ದ. ಕೇಳಿದರೆ, "ರೇಟು ಬರ್ಲಿಲ್ಲ" ಅನ್ನುತ್ತಿದ್ದ.

"ಮರಳಿಗೆ ಯಾವ್ ರೇಟು ನೋಡ್ತಿದ್ದ ನಮ್ಮಣ್ಣ?" ಬೋರಯ್ಯ ತಲೆ ಕೆರೆದುಕೊಂಡ.

"ಪರ್ಮಿಟ್ ಇಲ್ದೆ ಸಾಗಿಸ್ತಿದ್ನೇನೋ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ವಾರಕ್ಕೊಂದು ಮೂಟೆನಾ? ಅದೂ ವಾಪಸ್ ತಂದು?" ಎಂದ ಚೇತನ್.

ಪಕ್ಕದ ಮನೆಯ ದೊಡ್ಡಕ್ಕನಿಗೆ ಮರಳಿಗಿಂತ ದೊಡ್ಡ ಚಿಂತೆ ಇತ್ತು. ಬೆಳಗಿನಿಂದ ಹನುಮಕ್ಕ ಒಂದು ಹನಿ ಅತ್ತಿರಲಿಲ್ಲ. "ಅತ್ತುಬುಡು ತಾಯಿ. ನೋಡೋರು ಏನಂದಾರು?"

"ಸಿಟ್ಟು ಇಳೀದೆ ಅಳು ಎಲ್ಲಿಂದ ಬರ್ತದೆ, ದೊಡ್ಡಕ್ಕ?"

ಅಷ್ಟರಲ್ಲಿ ತಾವರೆಕೆರೆಯ ನೆಂಟರೊಬ್ಬರು ಬಂದು, ಹೆಗಲ ಮೇಲಿನ ಟವಲಲ್ಲಿ ಮೂಗೊರೆಸಿಕೊಂಡು, "ಬ್ರೇಕ್ ಹಿಡೀಲಿಲ್ವೇನಮ್ಮ?" ಎಂದರು. ಬೆಳಗಿನಿಂದ ಬಂದವರೆಲ್ಲ ಇದನ್ನೇ ಕೇಳಿದ್ದರು.

"ನಿದ್ದೇಲೇ ಎದೆ ನಿಂತು ಮಂಚದ ಮೇಲೆ ಹೋದ್ರು" ಎಂದಳು ಹನುಮಕ್ಕ. "ಮಂಚಕ್ಕೆ ಬ್ರೇಕ್ ಇರಾಕಿಲ್ಲ."

*

ಬ್ರೇಕಿನ ಸುದ್ದಿ ಹೀಗೆ ನಾಲ್ಕೂರು ಸುತ್ತಿದ್ದಕ್ಕೆ ಕಾರಣವಿತ್ತು. ಹೋದ ಯುಗಾದಿಗೆ ಬುಕ್ಕಾಪಟ್ಟಣದ ತವರಿನಿಂದ ಹನುಮಕ್ಕನನ್ನು ಹಿಂದೆ ಕೂರಿಸಿಕೊಂಡು ಬರುವಾಗ, ಕೆರೆ ಏರಿಯ ಇಳಿಜಾರಿನಲ್ಲಿ ಬೈಕು ಹತೋಟಿ ತಪ್ಪಿತು. ಗಂಗಹನುಮಯ್ಯ ಎರಡೂ ಕಾಲು ನೆಲಕ್ಕೆ ಕೊಟ್ಟು, ಚಪ್ಪಲಿ ಸವೆಸಿ, ಕೊನೆಗೆ ಜಾಲಿಪೊದೆಯಲ್ಲಿ ಬೈಕು ನಿಲ್ಲಿಸಿದ. ಬೈಕು ನಿಂತ ಮೇಲೂ ಹನುಮಕ್ಕ ಮುಂದಕ್ಕೆ ಹೋದಳು.

"ಹೊಸ ಬ್ರೇಕ್ ಪ್ಯಾಡ್ ಹಾಕ್ಸೋಗಂಟ ನಾನು ಇದನ್ನ ಹತ್ತಾಕಿಲ್ಲ" ಎಂದಳು, ಸೀರೆಯಿಂದ ಮುಳ್ಳು ಕೀಳುತ್ತಾ.

"ಆಯ್ತು ಕಣಮ್ಮಿ. ಒಳ್ಳೇದು ನೋಡಿ ಹಾಕಿಸ್ತೀನಿ."

ಆ 'ನೋಡಿ'ಯಲ್ಲೇ ಇತ್ತು ಎಡವಟ್ಟು. ಸಂತೆಯಲ್ಲಿ ಬದನೆಕಾಯನ್ನೆಲ್ಲ ಅಮುಕಿ ನೋಡಿ, ಕೊನೆಗೆ ಸೋರೆಕಾಯಿ ತರುವ ಆಸಾಮಿ ಅವನು. ಒಂದು ಪ್ಯಾಡು ಗಟ್ಟಿ, ಡಿಸ್ಕನ್ನೇ ತಿನ್ನುತ್ತದೆ. ಇನ್ನೊಂದು ಮೆತ್ತಗೆ, ಬೇಗ ಸವೆಯುತ್ತದೆ. ಮತ್ತೊಂದು ಹಿಡಿಯುತ್ತದೆ, ಆದರೆ ಕೀ ಅಂತ ಕಿರುಚುತ್ತದೆ. ಮುದ್ದೆ ಮುರಿಯುತ್ತಾ ಇದನ್ನೆಲ್ಲ ವಿವರಿಸುತ್ತಿದ್ದ. ಹನುಮಕ್ಕ ಬಸ್ಸಿನಲ್ಲೇ ತವರಿಗೆ ಹೋಗಿಬರುತ್ತಿದ್ದಳು.

"ನನ್ನ ನೋಡಾಕೆ ಬಂದಾಗ ಒಂದೇ ಸಲಕ್ಕೆ ಒಪ್ಕೊಂಡ್ರಿ. ಒಂದು ಪ್ಯಾಡಿಗೆ ವರ್ಸ ಬೇಕಾ?"

"ಆಗ ಬುದ್ಧಿ ಇರ್ಲಿಲ್ಲ" ಎಂದು ನಕ್ಕುಬಿಟ್ಟಿದ್ದ.

ಆ ನಗು ಅವಳಿಗೆ ನಾಟಿತ್ತು. ನನ್ನನ್ನು ಹಿಂದೆ ಕೂರಿಸಿಕೊಳ್ಳುವ ಮನಸ್ಸೇ ಇವರಿಗಿಲ್ಲ, ಅದಕ್ಕೇ ಈ ನೆಪ ಎಂದುಕೊಂಡಳು. ನಿನ್ನೆ ರಾತ್ರಿ ತಟ್ಟೆ ಕುಕ್ಕಿ, ಮಾತಾಡದೆ, ಗೋಡೆ ಕಡೆ ತಿರುಗಿ ಮಲಗಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಪಕ್ಕದಲ್ಲಿ ಗಂಡನ ಮೈ ತಣ್ಣಗಾಗಿತ್ತು.

*

ಸಿರಾದ ಮೆಕ್ಯಾನಿಕ್ ಇನಾಯತ್ ಹಾರ ಹಿಡಿದು ಬಂದವನು, ಮರಳು ಕಂಡು ಅಲ್ಲೇ ನಿಂತ.

"ಮೂಟೆ ಯಾಕ್ ಒಡೆದ್ರಿ? ಪಾಪ, ಎಷ್ಟು ಕಷ್ಟಪಟ್ಟು ತೂಕ ಮಾಡಿದ್ರು ಯಜಮಾನ್ರು."

"ಏನ್ ತೂಕ?" ಎಂದಳು ಹನುಮಕ್ಕ.

"ನಿಮ್ದೇ ಅಮ್ಮ." ಇನಾಯತ್ ಹಾರ ಹಾಕಿ, ಕೈಮುಗಿದು, ಅವಳೆದುರು ಕುಕ್ಕರಗಾಲಲ್ಲಿ ಕೂತ. "ಪ್ಯಾಡ್ ಯುಗಾದಿ ಆದ್ಮೇಲೇ ಬದಲಾಯ್ಸಿದ್ವಿ. ಆಮೇಲೂ ಬಗೆಬಗೇದು ಹಾಕ್ಸಿ ನೋಡಿದ್ರು. 'ನಾನೊಬ್ನೇ ಇದ್ರೆ ಯಾವ್ದಾದ್ರೂ ಹಿಡೀತದೆ. ಹಿಂದೆ ಅವ್ಳು ಕೂತ್ರೆ ಹೆಂಗೆ? ಮತ್ತೆ ಬೀಳ್ಸಿದ್ರೆ ನಾನು ಮನುಸಾನಾ?' ಅಂತಿದ್ರು. ಅದಕ್ಕೇ ಈ ಮೂಟೆ ಕಟ್ಕೊಂಡು ದಿಣ್ಣೆ ದಿಣ್ಣೆ ಇಳಿಸಿ ನೋಡೋರು."

ಹನುಮಕ್ಕನಿಗೆ ಥಟ್ಟನೆ ನೆನಪಾಯಿತು. ಕಡಲೆಕಾಯಿ ತೂಗುವಾಗ, 'ಮೆಷಿನ್ ಸರಿ ಐತಾ ನೋಡಾನ, ನೀನೊಂದ್ಸಲ ನಿಂತ್ಕೋ' ಎಂದು ಗಂಡ ಅವಳನ್ನು ಹತ್ತಿಸಿದ್ದ.

"ಅಂದ್ರೆ ನನ್ನ ತೂಕ ನಿಮ್ಗೂ ಗೊತ್ತಾ?"

"ಇಡೀ ಗ್ಯಾರೇಜಿಗೆ ಗೊತ್ತು" ಎಂದುಬಿಟ್ಟು ಇನಾಯತ್ ನಾಲಿಗೆ ಕಚ್ಚಿಕೊಂಡ. ಸುಮ್ಮನಿರಬಹುದಿತ್ತು, ಇರಲಿಲ್ಲ. "ದೀಪಾವಳಿ ಆದ್ಮೇಲೆ ನೀವು ಒಂಚೂರು ತುಂಬ್ಕೊಂಡಿದೀರಿ ಅಂತ ಇನ್ನೆರಡು ಬೊಗಸೆ ಸುರಿಸ್ಕೊಂಡ್ರು."

ದೊಡ್ಡಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅದು ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ.

"ಕೊನೆಗೆ ಯಾವ್ದು ಒಪ್ಪಿದ್ರು?" ಹನುಮಕ್ಕನ ದನಿ ಸಣ್ಣಗಾಗಿತ್ತು.

"ನಿನ್ನೆ ಸಾಯಂಕಾಲ ಹಾಕಿದ್ದು. 'ಮೂಟೆ ಒಂದಿಷ್ಟೂ ಜರುಗ್ಲಿಲ್ಲ ಕಣಪ್ಪ, ಇದೇ ಇರ್ಲಿ. ರಾತ್ರಿ ಸಿಟ್ಟಲ್ಲಿರ್ತಾಳೆ, ಬೆಳಗ್ಗೆ ಹೇಳಿ ತವರಿಗೆ ಕರ್ಕೊಂಡ್ ಹೋಗ್ತೀನಿ' ಅಂದ್ರು."

*

ಮಣ್ಣು ಮಾಡಬೇಕಿದ್ದ ಹೊಲ ಕೆರೆ ಏರಿಯ ಆಚೆಗಿತ್ತು. ತಮಟೆ ಮುಂದೆ, ಚಟ್ಟ ಹಿಂದೆ ಹೊರಟಿತು. ಹೆಂಗಸರು ಊರಬಾಗಿಲಲ್ಲೇ ನಿಲ್ಲುವುದು ವಾಡಿಕೆ. ಹನುಮಕ್ಕ ಚೇತನ್‌ಗೆ, "ಬೈಕ್ ತೆಗಿ" ಎಂದಳು.

"ಬ್ಯಾಡ ಕಣೇ, ಜನ ನಗ್ತಾರೆ" ಎಂದಳು ದೊಡ್ಡಕ್ಕ.

"ವರ್ಸೊಪ್ಪತ್ತು ನನ್ನ ಜಾಗದಾಗೆ ಮರಳು ಕೂತಿತ್ತು. ಆಗ ನಗ್ನಿಲ್ವಲ್ಲ."

ಚೇತನ್ ಕೈಯಲ್ಲಿ ಜೀವ ಹಿಡಿದು ಬೈಕು ಓಡಿಸಿದ. ಏರಿ ಮುಗಿದು ಇಳಿಜಾರು ಬಂತು. ಅದೇ ಇಳಿಜಾರು, ಕೊನೆಯಲ್ಲಿ ಅದೇ ಜಾಲಿಪೊದೆ. ಹನುಮಕ್ಕ ಕಣ್ಣು ಬಿಗಿಯಾಗಿ ಮುಚ್ಚಿ, ಸೀಟಿಗೆ ಜೋತಾಡುತ್ತಿದ್ದ ಮೂಟೆಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಿಡಿಯಪ್ಪ ಬ್ರೇಕು."

ಗಾಳಿ ನಿಂತ ಹಾಗಾಯಿತು. ತಮಟೆ ಎಲ್ಲೋ ಮುಂದೆ ಕೇಳುತ್ತಿತ್ತು.

"ಹಿಡಿ ಅಂದ್ನಲ್ಲ, ಇನ್ನೂ ಯಾಕ್ಲಾ ನಿಲ್ಸಿಲ್ಲ?"

"ನಿಂತು ಆಗ್ಲೇ ಎಷ್ಟೊತ್ತಾಯ್ತು ದೊಡ್ಡಮ್ಮ. ಕಣ್ಣು ಬುಡು."

ಕಣ್ಣು ಬಿಟ್ಟಳು. ಜಾಲಿಪೊದೆ ಇನ್ನೂ ದೂರವಿತ್ತು. ಮೂಟೆ ಕೂತು ಕೂತು ಸೀಟಿನಲ್ಲಿ ಬಿದ್ದಿದ್ದ ತಗ್ಗಿನಲ್ಲಿ ಅವಳು ಕೂತಲ್ಲೇ ಕೂತಿದ್ದಳು, ಕೂದಲೆಳೆಯಷ್ಟೂ ಜರುಗಿರಲಿಲ್ಲ.

"ಇಳಿ ದೊಡ್ಡಮ್ಮ" ಎಂದ ಚೇತನ್.

ಅವಳು ಇಳಿಯಲಿಲ್ಲ. ಆ ಹಗ್ಗವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ಮುಂದೆ ಹೋಗುತ್ತಿದ್ದ ಚಟ್ಟ ತಡೆದು ನಿಲ್ಲುವ ಹಾಗೆ ಅಳತೊಡಗಿದಳು.