ಒಳಗೆ ಹೋದ ಎರಡು ಲೋಟ

ಆ ಕಚೇರಿಯಲ್ಲಿ ಯಾರಾದರೂ ಕೆಲಸ ಕಳೆದುಕೊಂಡರೆ ಕೂಗಾಟವಿರಲಿಲ್ಲ, ಬಾಗಿಲು ದಡಾರನೆ ಬಡಿಯುತ್ತಿರಲಿಲ್ಲ. ಮೇಲಿನ ಮಹಡಿಯ ಕೊನೆಯ ಕೋಣೆಗೆ ಎರಡು ಲೋಟ ಚಹಾ ಹೋಗುತ್ತಿತ್ತು, ಅಷ್ಟೇ.

ಆ ಕೋಣೆಯಲ್ಲಿ ಕೂರುತ್ತಿದ್ದವರು ನೌಕರರ ಭದ್ರತಾ ವಿಭಾಗದ ಮುಖ್ಯಸ್ಥರು. ಕೆಲಸಕ್ಕೆ ಸೇರುವವರನ್ನು, ಸೇರಿದವರನ್ನು, ಅವರ ಮನೆಮಂದಿಯನ್ನು, ನೆಂಟರನ್ನು, ನೆರೆಹೊರೆಯನ್ನು ವರ್ಷವರ್ಷವೂ ಸೋಸಿ ನೋಡುವುದು ಅವರ ಕಾಯಕ. ಗುಟ್ಟಿನ ಕಾಗದಗಳಿರುವ ಇಲಾಖೆಯಲ್ಲವೇ, ಗುಟ್ಟು ನಿಲ್ಲದ ಮನುಷ್ಯ ಅಲ್ಲಿ ನಿಲ್ಲಬಾರದು. ಬೆನ್ನ ಹಿಂದೆ ಎಲ್ಲರೂ ಅವರನ್ನು ಸೋಸಪ್ಪ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅವರಿಗೆ ಕಡಿಮೆ.

ಸೋಸಪ್ಪ ಕೆಟ್ಟವರಲ್ಲ. ದಿನಾ ಬೆಳಿಗ್ಗೆ ಮಿಂದು, ಕಣ್ಣುಮುಚ್ಚಿ, ದೇವರ ಮುಂದೆ ಒಂದಿಷ್ಟು ಹೊತ್ತು ಸುಮ್ಮನೆ ಕೂತು ಬರುವವರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರ ಕಾಲದಲ್ಲಿ, ನಂಬಿಕೆ ಕಳೆದುಕೊಂಡವರನ್ನು ಕಾವಲಿನವರು ರಟ್ಟೆ ಹಿಡಿದು, ಎಲ್ಲರ ಕಣ್ಣೆದುರೇ ನಡೆಸಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿ ಸೋಸಪ್ಪನವರ ಕರುಳು ಚುರುಕ್ಕೆಂದಿತ್ತು. ತಾವು ಬಂದ ಮೇಲೆ ಹೊಸ ಪದ್ಧತಿ ತಂದರು. ಹೋಗಬೇಕಾದವರನ್ನು ಚಹಾಕ್ಕೆ ಕರೆಯುವುದು. ಅವರು ಒಳಗೆ ಕುಡಿಯುತ್ತಿರುವಾಗ ಉಗ್ರಾಣದ ಹೆಂಗಸು, ಎಲ್ಲರ ಬಾಯಲ್ಲಿ ಪೆಟ್ಟಿಗೆ ಅಕ್ಕ, ಅವರ ಮೇಜಿನ ಮೇಲಿನ ಮಕ್ಕಳ ಫೋಟೋ, ಬಾಚಣಿಗೆ, ತಲೆನೋವಿನ ಮಾತ್ರೆ, ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ, ಅಂಟುಪಟ್ಟಿ ಹಾಕಿ, ಮೊಹರು ಒತ್ತಿ, ಗೇಟಿನ ಬಳಿ ಇಟ್ಟು ಬರುವುದು. ಹೊರಬಂದವರು ಮತ್ತೆ ತಮ್ಮ ಜಾಗಕ್ಕೆ ಹೋಗಬೇಕಿಲ್ಲ. ಅಳುವುದಿದ್ದರೆ ರಸ್ತೆಯಲ್ಲಿ ಅಳಬಹುದು.

“ಮಾನವಾದ್ರೂ ಉಳೀತಲ್ಲ” ಎನ್ನುತ್ತಿದ್ದರು ಸೋಸಪ್ಪ.

ಇನ್ನೊಂದು ವಿದ್ಯೆಯೂ ಅವರದೇ. ಬಂದವರು ಕುರ್ಚಿಯಲ್ಲಿ ಕೂತ ಮೇಲೆ ಒಂದೇ ಮಾತು ಕೇಳುವುದು: “ನಾನು ಯಾಕೆ ಕರೆದೆ, ಗೊತ್ತಾ?” ಕೇಳಿ ಸುಮ್ಮನಿರುವುದು. ಎದುರಿನವರ ಬಾಯಿಂದ ಉಳಿದದ್ದನ್ನು ಮೌನವೇ ಎಳೆದು ತರುತ್ತದೆ ಎಂದು ಕೈಕೆಳಗಿನವರಿಗೆಲ್ಲ ಕಲಿಸಿದ್ದರು. ದೇವರು ಯಾರ ಎದೆಯನ್ನಾದರೂ ಕೀಲಿಯಿಲ್ಲದೆ ತೆರೆಯಬಲ್ಲ. ಆ ಕೆಲಸವನ್ನು ಮನುಷ್ಯ ಕೈಗೆತ್ತಿಕೊಂಡರೆ ಅವನಿಗೆ ಲೋಟ ಬೇಕು, ಪೆಟ್ಟಿಗೆ ಬೇಕು.

ಕೆಳಗಿನ ಮಹಡಿಯಲ್ಲಿ ನಕ್ಷೆ ಬರೆಯುವವರೊಬ್ಬರಿದ್ದರು. ವಯಸ್ಸಿಗೆ ಮರ್ಯಾದೆ ಕೊಟ್ಟು ಎಲ್ಲರೂ ನಕ್ಷೆ ಮಾವ ಎನ್ನುತ್ತಿದ್ದರು. ಸೋಸಪ್ಪನವರೂ ಅವರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಮದುವೆಗೆ ಮುಂಚೆ ಒಂದೇ ಬಾಡಿಗೆ ಕೋಣೆಯಲ್ಲಿದ್ದು, ಒಂದೇ ಒಡಕು ಕನ್ನಡಿಯಲ್ಲಿ ಸರದಿಯ ಮೇಲೆ ಗಡ್ಡ ಕೆರೆದುಕೊಂಡವರು. ಮಾವನ ಹೆಂಡತಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಇಲಾಖೆಯ ಆಸ್ಪತ್ರೆಯಲ್ಲಿ ವಾರವಾರವೂ ಯಂತ್ರಕ್ಕೆ ಹಾಕಿ ರಕ್ತ ತೊಳೆದು ಕಳಿಸುತ್ತಿದ್ದರು. ಆ ಯಂತ್ರ ನೌಕರರ ಮನೆಯವರಿಗೆ ಮಾತ್ರ. ಹೊರಗಿನ ಆಸ್ಪತ್ರೆಗಳಲ್ಲಿ ಕಾಯುವವರ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು. ಮಾವ ಆ ವರ್ಷದ ಕೊನೆಗೆ ನಿವೃತ್ತರಾಗಬೇಕು. ಅವರ ಕೆಲಸ ಮುಗಿದ ದಿನವೇ ಆಕೆಯ ಯಂತ್ರವೂ ನಿಲ್ಲುತ್ತಿತ್ತು.

ಇದನ್ನು ನೆನೆದು ಸೋಸಪ್ಪ ತಿಂಗಳುಗಟ್ಟಲೆ ಮೇಲಿನವರ ಬಾಗಿಲು ಬಡಿದರು. ಯಾರಿಗೂ ಹೇಳಲಿಲ್ಲ. ಕೊನೆಗೊಂದು ದಿನ ಆದೇಶ ಕೈಗೆ ಬಂತು: ನಕ್ಷೆಯ ಕೆಲಸಕ್ಕೆ ಬೇರೆ ಜನ ಸಿಗುವವರೆಗೆ ಮಾವನನ್ನು ಇನ್ನೆರಡು ವರ್ಷ ಮುಂದುವರಿಸತಕ್ಕದ್ದು.

“ಫೋನಲ್ಲೇ ಹೇಳ್ಬಿಡಿ, ಪಾಪ” ಎಂದರು ಸೋಸಪ್ಪನವರ ಹೆಂಡತಿ.

“ಫೋನಲ್ಲಿ ಮುಖ ಕಾಣಲ್ವಲ್ಲೇ.”

ಮರುದಿನ ಆದೇಶವನ್ನು ಮೇಜಿನ ಖಾನೆಯಲ್ಲಿಟ್ಟು, ಕೆಳಗಿನ ಮಹಡಿಗೆ ತಾವೇ ಫೋನು ಮಾಡಿದರು. “ಬಾರೋ, ಚಹಾ ಕುಡಿಯೋಣ.”

ಆ ಮಾತಿನ ಅರ್ಥ ಆ ಕಟ್ಟಡದಲ್ಲಿ ಏನಾಗಿದೆ ಎಂಬುದು, ಅದನ್ನು ಹುಟ್ಟಿಸಿದವರಿಗೇ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಖುಷಿಯಲ್ಲಿದ್ದರು.

“ಚಹಾಕ್ಕಾ? ಬಂದೆ” ಎಂದು ಮಾವ ಫೋನಿಟ್ಟರು. ಪಕ್ಕದವರೊಬ್ಬರು ಖಾನೆಯೊಳಗೆ ತಲೆ ಹಾಕಿ ಏನನ್ನೋ ಹುಡುಕತೊಡಗಿದರು. ನಗೆಚಾಟಿಕೆಯಿಂದ ಇಡೀ ಮಹಡಿಯನ್ನು ಕೆಡಿಸುತ್ತಿದ್ದ ಗುಮಾಸ್ತ ಗೋಡೆಯ ಗಡಿಯಾರ ನೋಡಿದ. ಮಾವ ಲೇಖನಿಗೆ ಮುಚ್ಚಳ ಹಾಕಿ, ಬಟ್ಟೆಯಲ್ಲಿ ಬೆರಳೊರೆಸಿಕೊಂಡು, “ನದಿ ಇನ್ನೂ ಒಣಗಿಲ್ಲ, ಯಾರೂ ಕೈ ಇಡ್ಬೇಡಿ” ಎಂದರು. ಯಾರೂ ತಲೆಯೆತ್ತಲಿಲ್ಲ. ಮೆಟ್ಟಿಲಲ್ಲಿ ಪೆಟ್ಟಿಗೆ ಅಕ್ಕ ಎದುರಾದಳು. ದಿನಾ “ಏನ್ ಮಾವಾ, ನಂಗೊಂದು ಸಮುದ್ರ ಬರ್ಕೊಡು ಅಂದ್ರೆ ಕೊಡಲ್ವಲ್ಲ!” ಎನ್ನುತ್ತಿದ್ದವಳು ಇವತ್ತು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಅವಳ ಕಂಕುಳಲ್ಲಿ ಮಡಚಿದ ರಟ್ಟಿತ್ತು.

ಸೋಸಪ್ಪ ತಾವೇ ಸಕ್ಕರೆ ಹಾಕಿ, ಕದಡಿ, ಲೋಟವನ್ನು ಮುಂದೆ ತಳ್ಳಿದರು. ನಗು ತಡೆಯಲಾಗದೆ ತುಟಿ ಬಿಗಿಹಿಡಿದರು. ಹಳೆಯ ಗೆಳೆಯನನ್ನು ಸ್ವಲ್ಪ ಆಡಿಸಿ ಆಮೇಲೆ ಹೇಳೋಣ ಎಂಬ ಚೇಷ್ಟೆ. ಖಾನೆಯ ಹಿಡಿಗೆ ಕೈಯಿಟ್ಟು ಕೇಳಿದರು:

“ನಾನು ಯಾಕೆ ಕರೆದೆ, ಗೊತ್ತಾ?”

ಕೇಳಿ, ರೂಢಿಯಂತೆ, ಸುಮ್ಮನಾದರು.

ಮಾವ ಲೋಟ ನೋಡಿದರು. ಗೆಳೆಯನ ಬಿಗಿದ ತುಟಿ ನೋಡಿದರು. ಕಿಟಕಿಯ ಗಾಜಿಗೆ ನೊಣವೊಂದು ಹಣೆ ಚಚ್ಚಿಕೊಳ್ಳುತ್ತಿತ್ತು.

“ಗೊತ್ತು” ಎಂದರು.

“ಗೊತ್ತಾ!” ಸುದ್ದಿ ಸೋರಿಹೋಯಿತೇ ಎಂದು ಸೋಸಪ್ಪನವರಿಗೆ ಬೇಸರವಾಯಿತು. “ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ನಿನ್ನ ಹತ್ರ ಮುಚ್ಚಿಟ್ರೆ ಉಳಿಯುತ್ತಾ? ಅವನು ಬರೋದು ನಿಜ ಕಣೋ. ಆದ್ರೆ ಒಂದು ಮಾತೂ ನಮ್ಮ ಕೆಲಸದ ಬಗ್ಗೆ ಆಡಿಲ್ಲ. ನನ್ನಾಣೆ.”

ಸೋಸಪ್ಪನವರ ಕೈ ಖಾನೆಯ ಹಿಡಿಯ ಮೇಲೇ ಇತ್ತು. ಆದರೆ ಅದು ಈಗ ಗೆಳೆಯನ ಕೈಯಾಗಿರಲಿಲ್ಲ. ಮೌನ ತನ್ನ ಪಾಡಿಗೆ ಕೆಲಸ ಮಾಡಿತು.

“ಅವಳ ತಮ್ಮ ಅಲ್ವೇನೋ. ನೀನೇ ಇಲ್ಲಿಂದ ಕಳಿಸಿದೆ, ಸರಿ, ನಾನು ಏನಾದ್ರೂ ಅಂದೆನಾ? ಯಂತ್ರದಿಂದ ಬಂದ ದಿನ ಅವಳಿಗೆ ತಲೆ ಎತ್ತೋಕಾಗಲ್ಲ. ನಾನಿಲ್ಲಿರ್ತೀನಿ. ನೀರು ಕೊಡೋರು ಬೇಕಲ್ಲ. ಹಿಂದಿನ ಮೆಟ್ಟಿಲಿಂದ, ನಲ್ಲಿ ರಿಪೇರಿಯವನ ಹಾಗೆ ಬರ್ತಾನೆ, ಬಂದು ಕೂತಿರ್ತಾನೆ, ಹೋಗ್ತಾನೆ.”

ಮಾವನ ಭಾವಮೈದುನ ಹಿಂದೆ ಇದೇ ಇಲಾಖೆಯಲ್ಲಿದ್ದು ಚಹಾ ಕುಡಿದು ಹೋದವನು. ಹಾಗೆ ಹೋದವರೊಂದಿಗೆ ಒಡನಾಟವಿದ್ದರೆ, ಒಡಹುಟ್ಟಿದವರಾದರೂ ಸರಿ, ಹೇಳಿಬಿಡಬೇಕು. ಹೇಳಿದರೆ ಸೋಸುತ್ತಾರೆ, ಮುಚ್ಚಿಟ್ಟರೆ ಕಳಿಸುತ್ತಾರೆ. ಪ್ರತಿ ವರ್ಷ ಕೇಳಿದಾಗಲೂ ಮಾವ “ಇಲ್ಲ” ಎಂದಿದ್ದರು.

“ಪ್ರತಿ ಸಲ ಇಲ್ಲ ಅಂದ್ಯಲ್ಲೋ, ನನ್ನ ಮುಖ ನೋಡ್ಕೊಂಡು.”

“ನಿನ್ನ ಮುಖ ನೋಡಿದ್ರೆ ಹೌದು ಅನ್ನೋ ಧೈರ್ಯ ಬರುತ್ತೇನೋ?”

ಇಬ್ಬರೂ ನಗಬಹುದಾಗಿದ್ದ ಮಾತು. ಸೋಸಪ್ಪ ಖಾನೆಯಿಂದ ಕೈ ತೆಗೆದರು. ಕೇಳಿಸಲೇ ಇಲ್ಲ ಎಂದುಕೊಂಡು ಆದೇಶ ತೆಗೆದು ಮುಂದಿಡಬಹುದಿತ್ತು. ಕೋಣೆಯಲ್ಲಿ ಮೂರನೆಯವರಿರಲಿಲ್ಲ. ಆದರೆ ಸೋಸಪ್ಪನವರಿಗೆ ಬೇರೆಯೇ ಹೊಳೆಯಿತು. ಬೆಳಿಗ್ಗೆ ದೇವರ ಮುಂದೆ ಕೂತಾಗ ತಾನೇ ಇವನನ್ನು ಚಹಾಕ್ಕೆ ಕರೆಯುವ ಮನಸ್ಸು ಬಂದದ್ದು? ಕರೆಸಿದವನು ದೇವರೇ, ಕೇಳಿಸಿದವನೂ ಅವನೇ ಎಂದ ಮೇಲೆ ಕಿವಿ ಮುಚ್ಚಿಕೊಳ್ಳಲು ತಾನು ಯಾರು? ದೇವರ ಹೆಸರಿನಲ್ಲಿ ನಾವು ಎಂಥೆಂಥ ಕೆಲಸವನ್ನು ಎಷ್ಟು ಸಲೀಸಾಗಿ ಮಾಡಿಬಿಡುತ್ತೇವೆ!

“ಚಹಾ ಕುಡಿ, ಆರುತ್ತೆ” ಎಂದು ಹೇಳಿ ಎದ್ದು ಹೊರಗೆ ಬಂದರು. ಮೊಗಸಾಲೆಯಲ್ಲಿ ಪೆಟ್ಟಿಗೆ ಅಕ್ಕ ಕೈಗಂಟಿದ ಮೊಹರಿನ ಮಸಿ ಉಜ್ಜಿಕೊಳ್ಳುತ್ತಿದ್ದಳು.

“ನಕ್ಷೆ ವಿಭಾಗಕ್ಕೆ ಹೋಗಿ...”

“ಆಗ್ಲೇ ಗೇಟಿಗೆ ಹೋಯ್ತು ಸಾಹೇಬ್ರೆ. ಎರಡು ಲೋಟ ಒಳಗೆ ಹೋದದ್ದು ನೋಡಿದ್ನಲ್ಲ.” ಸೋಸಪ್ಪನವರ ಮುಖ ನೋಡಿ ಹೆದರಿದಳು. “ತಪ್ಪಾಯ್ತಾ? ವಾಪಸ್ ತಂದುಬಿಡ್ಲಾ? ಈಗ್ಲೇ ತರ್ತೀನಿ, ಯಾರಿಗೂ ಗೊತ್ತಾಗಲ್ಲ.”

ತಪ್ಪಾಯಿತೆಂದು ಅನ್ನಿಸಿಕೊಳ್ಳಬೇಕೆಂದೇ ಆ ಹೆಂಗಸು ಕಾದು ನಿಂತಂತಿತ್ತು.

“ಇಲ್ಲಮ್ಮ” ಎಂದರು ಸೋಸಪ್ಪ. “ಸರಿಯಾಗೇ ಆಗಿದೆ.”

ಮಾವ ಚಹಾ ಪೂರ್ತಿ ಕುಡಿದು, ಲೋಟದ ಕೆಳಗಿನ ತೇವವನ್ನು ಅಂಗೈಯಲ್ಲಿ ಒರೆಸಿ ಎದ್ದರು. “ಅವಳ ಯಂತ್ರ...” ಎಂದರು. ಸೋಸಪ್ಪ ತಲೆ ತಗ್ಗಿಸಿದರು. ಮಾವ ಮೆಟ್ಟಿಲಿಳಿದು ಹೋದರು. ಸೋಸಪ್ಪ ಆದೇಶವನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟರು. ಅದು ಎಳೆಎಳೆಯಾಗಿ ಬುಟ್ಟಿಗೆ ಬಿತ್ತು.

ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದರು. “ಮುಖ ನೋಡಿದ್ರಾ?”

“ನೋಡಿದೆ.”

“ಏನಂದ್ರು?”

“ತುಂಬಾ ಮಾತಾಡಿದ.”

ಅಂದಿನಿಂದ ಕಚೇರಿಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಕಾರಣವಿಲ್ಲದೆಯೂ ಆಗಾಗ ಯಾರನ್ನಾದರೂ ಚಹಾಕ್ಕೆ ಕರೆಯುವುದು, ಕೇಳುವುದು, ಸುಮ್ಮನಿರುವುದು. ತುಂಬಾ ಫಲ ಕೊಟ್ಟಿತು. ಒಬ್ಬಳು ಗಂಡನ ಬಗ್ಗೆ ಹೇಳಿದಳು. ನಗೆಚಾಟಿಕೆಯ ಗುಮಾಸ್ತ ಇಬ್ಬರು ಗೆಳೆಯರನ್ನು ಹಿಡಿದುಕೊಟ್ಟು, ತಾನೂ ಉಳಿಯಲಿಲ್ಲ. ಪೆಟ್ಟಿಗೆ ಅಕ್ಕನಿಗೆ ಕೈತುಂಬ ಕೆಲಸ. ಜನ ಮೇಜಿನ ಮೇಲೆ ಮಕ್ಕಳ ಫೋಟೋ ಇಡುವುದನ್ನು ಬಿಟ್ಟರು. ಪೆಟ್ಟಿಗೆಗಳು ಹಗುರವಾದವು.

ಇತ್ತ ಮಾವ ಇಲಾಖೆಯ ಮನೆ ಬಿಟ್ಟು, ಊರಾಚೆ ಭಾವಮೈದುನನ ಒಂಟಿ ಕೋಣೆ ಸೇರಿದರು. ಹೋಗುವ ದಿನ ಮೆಟ್ಟಿಲ ಮೇಲೆ ನಿಂತು, ಕೆಳಮನೆಯ ಟೀಚರಮ್ಮನಿಗೆ ಬಾಯಿಗೆ ಬಂದಂತೆ ಬೈದರು. “ನೀವೇ ಹೋಗಿ ಊದಿದ್ದು! ಹಿಂದಿನ ಮೆಟ್ಟಿಲು ಕಾಣೋದು ನಿಮ್ಮ ಕಿಟಕಿಗೆ ಮಾತ್ರ!” ಮಾವನ ಹೆಂಡತಿಯ ತಲೆ ಬಾಚಿ, ಬಟ್ಟೆ ಒಗೆದು ಕೊಡುತ್ತಿದ್ದ ಹೆಂಗಸು ಆಕೆ. ಏನೊಂದೂ ಅರ್ಥವಾಗದೆ ಅಳುತ್ತ ಬಾಗಿಲು ಹಾಕಿಕೊಂಡಳು. ಹೊರಗಿನ ಆಸ್ಪತ್ರೆಯ ಸಾಲಿನಲ್ಲಿ ಮಾವನ ಹೆಂಡತಿ ಬಾಗಿಲು ಕಾಣುವಷ್ಟು ಹತ್ತಿರ ಬಂದಿದ್ದರು. ಅಷ್ಟರಲ್ಲಿ ತೀರಿಹೋದರು. ಕೊನೆಕೊನೆಗೆ ಟೀಚರಮ್ಮನನ್ನು ಒಮ್ಮೆ ಕರೆಸಿ ಎಂದರಂತೆ. ಮಾವ ಕರೆಸಲಿಲ್ಲ.

ಸೋಸಪ್ಪ ಮಾತಾಡಿಸಲು ಹೋದರು. ಗೆಳೆತನ ಬೇರೆ, ಕೆಲಸ ಬೇರೆ ಎಂದು ನಂಬಿದವರು. ಕೋಣೆಯಲ್ಲಿ ಒಂದೇ ಕುರ್ಚಿ. ಮಾವ ನೆಲದ ಮೇಲೆ ಕೂತರು. ಅಡುಗೆಯ ಮೂಲೆಯಿಂದ ಭಾವಮೈದುನ ಎರಡು ಲೋಟ ಚಹಾ ತಂದು ನಡುವಿನ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಸರಿದ. ಅಂಟುಪಟ್ಟಿ ಹಾಗೇ ಇತ್ತು, ಮೊಹರು ಒಡೆದಿರಲಿಲ್ಲ.

“ಇನ್ನೂ ಬಿಚ್ಚಿಲ್ವಾ?”

“ಅವಳ ಫೋಟೋ ಇದೆ ಅದ್ರಲ್ಲಿ. ಧೈರ್ಯ ಬಂದಿಲ್ಲ.” ಮಾವ ತಲೆಯೆತ್ತಿದರು. “ಲೋ, ಒಂದು ಹೇಳ್ತೀಯಾ? ಇನ್ನು ಅದ್ರಿಂದ ಯಾರಿಗೂ ತೊಂದ್ರೆ ಇಲ್ಲ. ಟೀಚರಮ್ಮನೇ ಅಲ್ವಾ ನಿನಗೆ ಹೇಳಿದ್ದು?”

“ಅಲ್ಲ.”

“ಮತ್ತ್ಯಾರು?”

“ಯಾರೂ ಹೇಳಿಲ್ಲ ಕಣೋ. ನೀನೇ ಹೇಳಿದ್ದು.”

ಮಾವನಿಗೆ ಅರ್ಥವಾಗಲಿಲ್ಲ. “ಗೊತ್ತಿಲ್ದೆ ಚಹಾಕ್ಕೆ ಯಾಕೆ ಕರೆದೆ?”

ಈಗ ಒಂದು ಸುಳ್ಳು ಹೇಳಬಹುದಾಗಿತ್ತು. ಯಾವ ದೇವರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸೋಸಪ್ಪ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

“ನಿನ್ನ ನೌಕರಿ ಎರಡು ವರ್ಷ ಮುಂದಕ್ಕೆ ಹಾಕ್ಸಿದ್ದೆ” ಎಂದರು. “ಅವಳ ಯಂತ್ರಕ್ಕೋಸ್ಕರ. ಆದೇಶ ಖಾನೆಯಲ್ಲೇ ಇತ್ತು. ಹೇಳೋಣ ಅಂತ ಕರೆದೆ.”

ಅಡುಗೆಯ ಮೂಲೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವ ಪೆಟ್ಟಿಗೆಯ ಮೊಹರನ್ನೇ ನೋಡುತ್ತ ಕೂತರು. ಆಮೇಲೆ ಕೈ ಚಾಚಿ, ಗೆಳೆಯನ ಲೋಟವನ್ನು ಅವರ ಕಡೆಗೆ ತಳ್ಳಿದರು.

“ಕುಡಿ” ಎಂದರು. “ಆರುತ್ತೆ.”

ಸೋಸಪ್ಪ ಕುಡಿದರು. ಸಕ್ಕರೆ ಹದವಾಗಿತ್ತು.