ನೇಪಲ್ಸಿನಲ್ಲಿ ಉಳಿದ ಕುಕ್ಕರ್

ಬಾಲ್ಯವೆಂದರೆ ನನಗೆ ಮೊದಲು ನೆನಪಾಗುವುದು ಹೊಸ ರಟ್ಟಿನ ವಾಸನೆ. ನಾನು ಒಂದು ಪುಟ್ಟ ಕರೆಂಟಿನ ಕುಕ್ಕರ್. ಹೊಟ್ಟೆಯೊಳಗೆ ಒಂದು ಪಾತ್ರೆ, ಅದರ ಕೆಳಗೆ ಕಾಯುವ ತಟ್ಟೆ, ಎದುರಿಗೊಂದು ಗುಂಡಿ. ಕೊಯಮತ್ತೂರಿನ ಕಾರ್ಖಾನೆಯಲ್ಲಿ ನನ್ನನ್ನು ಡಬ್ಬಿಗೆ ಇಳಿಸುವ ಮೊದಲು ಒಬ್ಬ ಹೆಂಗಸು ತನ್ನ ಸೆರಗಿನಿಂದ ಮುಚ್ಚಳವನ್ನು ಇನ್ನೊಮ್ಮೆ ಒರೆಸಿದಳು. ಅದು ಅವಳ ಕೆಲಸವಾಗಿರಲಿಲ್ಲ.

ಧಾರವಾಡದ ಕುಸುಮಾತಾಯಿ ನನ್ನನ್ನು ಕೊಂಡದ್ದು ಹಾಸಿಗೆ ಹಿಡಿದ ಗಂಡನಿಗಾಗಿ. ಶೇಷಗಿರಿರಾಯರ ಮಂಚದ ಪಕ್ಕದ ಸ್ಟೂಲೇ ನನ್ನ ಜಾಗ. ಗುಂಡಿ ಟಕ್ಕೆಂದರೆ ಅವರು ಕಣ್ಣು ಬಿಟ್ಟು "ಆತೇನ?" ಎನ್ನುತ್ತಿದ್ದರು. ಅವರು ಉಂಡ ಕೊನೆಯ ತುತ್ತು ಬೆಂದದ್ದು ನನ್ನಲ್ಲಿ. ಆಮೇಲೆ ಪ್ರತಿ ವರ್ಷ ಅವರ ತಿಥಿಯ ದಿನ, ಅಡುಗೆಯವರು ಏನೇ ಮಾಡಲಿ, ಕಾಗೆಗೆ ಇಡುವ ಅನ್ನ ಮಾತ್ರ ನನ್ನಲ್ಲೇ ಆಗಬೇಕು. ನಾನೂ ಮನೆಯವರಲ್ಲಿ ಒಬ್ಬಳು ಎಂದುಕೊಂಡಿದ್ದೆ.

ಏಳನೆಯ ವರ್ಷ ರಾಯರ ತಂಗಿ ಪ್ರಫುಲ್ಲಾ ತಮಗೂ ಅತ್ತಿಗೆಗೂ ಇಟಲಿಗೆ ಎರಡು ಟಿಕೆಟು ತೆಗೆಸಿಬಿಟ್ಟರು.

"ಆ ವಾರದಾಗ ನಿಮ್ಮಣ್ಣನ ತಿಥಿ ಬರತದಲ್ಲ, ಪ್ರಫುಲ್ಲಾ!"

"ಶ್ರಾದ್ಧ ಸಣ್ಣಣ್ಣ ಇಲ್ಲೇ ಮಾಡತಾನ, ವೈನೀ. ಕಾಗಿಗೆ ನೀವು ಅಲ್ಲಿಂದನ ಅನ್ನ ಇಡ್ರಿ. ಕಾಗಿಗೇನು ವೀಸಾ ಬೇಕ?"

ಹೀಗೆ ನಾನು ಎರಡು ಸೀರೆಗಳ ನಡುವೆ ಮಲಗಿ ನೇಪಲ್ಸಿಗೆ ಬಂದೆ.

ಮೂರನೆಯ ಮಹಡಿಯ ಆ ಬಾಡಿಗೆ ಕೋಣೆಯ ಕಿಟಕಿಯಿಂದ ಊರನ್ನು ನೋಡಿದೆ. ಗೋಡೆಗಳ ಗಾರೆ ಉದುರಿತ್ತು, ಮೂಲೆಯಲ್ಲಿ ಕಸದ ಗುಡ್ಡೆಯಿತ್ತು. ಅದರ ಪಕ್ಕದಲ್ಲೇ ಗಾಜಿನ ಗೂಡಿನೊಳಗೆ ಮಾತೆ ಮೇರಿ, ಅವಳ ಮುಂದೆ ದಿನವೂ ಹೊಸ ಹೂವು. ಎದುರುಬದುರು ಮನೆಗಳ ನಡುವೆ ಒಗೆದ ಬಟ್ಟೆಗಳು ತೂಗುತ್ತಿದ್ದವು. ಮೇಲಿನ ಮನೆಯ ಅಜ್ಜಿ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದರೆ, ಕೆಳಗೆ ಹೋಗುತ್ತಿದ್ದ ಯಾರೋ ಸ್ಕೂಟರ್ ನಿಲ್ಲಿಸಿ ಅದರಲ್ಲಿ ಬ್ರೆಡ್ಡು ಇಡುತ್ತಿದ್ದರು. ಕುಸುಮಾತಾಯಿ ಅದನ್ನು ನೋಡಿ ದಿನವೂ ನಗುತ್ತಿದ್ದರು.

ಕೋಣೆಯ ಬಾಗಿಲಿಗೆ ಒಂದು ಫಲಕವಿತ್ತು: ಇಲ್ಲಿ ಅಡುಗೆ ಮಾಡಬಾರದು.

ನಾಲ್ಕನೆಯ ದಿನ ತಿಥಿ. ಕುಸುಮಾತಾಯಿ ತಲೆಗೆ ನೀರು ಹಾಕಿಕೊಂಡು ಬಂದು ಎರಡು ಮುಷ್ಟಿ ಅಕ್ಕಿ ತೊಳೆದು ನನ್ನ ಗುಂಡಿ ಒತ್ತಿದರು. ಕಾಗೆಗೆ ಅನ್ನ ಇಡುವ ತನಕ ಅವರು ಬಾಯಿಗೆ ನೀರೂ ಹಾಕುವವರಲ್ಲ. ಅಷ್ಟರಲ್ಲಿ ಪ್ರಫುಲ್ಲಾ ತಮ್ಮ ಸ್ನಾನಕ್ಕೆಂದು ಗೀಜರ್ ಹಾಕಿದರು. ಟಪ್ ಎಂದು ಇಡೀ ಕಟ್ಟಡದ ದೀಪ ಹೋಯಿತು. ಮೆಟ್ಟಿಲ ಮೇಲೆ ಯಾರೋ ಕೂಗಿದರು.

"ವೈನೀ, ನಮ್ಮದಲ್ಲಂತ ಹೇಳಿಬಿಡ್ರಿ. ಇಲ್ಲಂದ್ರ ಸಾಮಾನು ಸಮೇತ ಬೀದಿಗೆ ಹಾಕತಾಳ ಆಕಿ!" ಎನ್ನುತ್ತ ಪ್ರಫುಲ್ಲಾ ನನ್ನನ್ನು ಕಪಾಟಿಗೆ ತುರುಕಿದರು.

ಮನೆಯೊಡತಿ ರೊಸಾರಿಯಾ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದಿದ್ದಳು. ಕಪಾಟಿನ ಸಂದಿಯಿಂದ ಹಬೆ ಬರುತ್ತಿತ್ತು. ಬಾಗಿಲು ತೆರೆದು ನನ್ನ ಕಡೆ ಬೆರಳು ತೋರಿಸಿದಳು. ಅವಳ ಮೊಬೈಲು ಇಂಗ್ಲಿಷಿನಲ್ಲಿ ಕೇಳಿತು: ಇದು ಯಾರದು?

ಕುಸುಮಾತಾಯಿ ಬಿ.ಎ. ಓದಿದವರು. ಅವರೇ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದರು: "ಇದು ನನ್ನದಲ್ಲ. ಹಿಂದೆ ಇದ್ದವರು ಬಿಟ್ಟು ಹೋಗಿರಬೇಕು."

ನನ್ನ ಹೊಟ್ಟೆಯಲ್ಲಿ ಅವರ ಗಂಡನ ಹೆಸರಿನ ಅಕ್ಕಿ ಇನ್ನೂ ಹಬೆಯಾಡುತ್ತಿತ್ತು.

ರೊಸಾರಿಯಾ ನನ್ನ ಮುಚ್ಚಳ ಮುಟ್ಟಿ ಬೆರಳು ಸುಟ್ಟುಕೊಂಡಳು. ಕುಸುಮಾತಾಯಿಯ ಒದ್ದೆ ಕೂದಲನ್ನು, ಕಿಟಕಿಯಲ್ಲಿ ಕಾಗೆಗೆಂದು ಸಿದ್ಧವಾಗಿದ್ದ ಬರಿ ಎಲೆಯನ್ನು ನೋಡಿದಳು. ನನ್ನನ್ನು ಎತ್ತಿಕೊಂಡು ಹೋದಳು.

ಹೊರಡುವ ದಿನ ಕುಸುಮಾತಾಯಿ ಕೆಳಗಿನ ಅಡುಗೆಮನೆಯ ಬಾಗಿಲಲ್ಲಿ ನಿಂತರು. ತೊಳೆದ ಪಾತ್ರೆಯನ್ನು ಮತ್ತೆ ಹೊಟ್ಟೆಯೊಳಗೆ ಇರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ನೋಡಿದರು. ನನ್ನನ್ನು ಮರಳಿ ಕೇಳಬೇಕೆಂದರೆ ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳಬೇಕಿತ್ತು. "ವೈನೀ, ಟ್ಯಾಕ್ಸಿ ಬಂತು!" ಎಂದು ಪ್ರಫುಲ್ಲಾ ಕರೆದರು. ಅವರು ಹೋದರು.

ಆಮೇಲೆ ಬಹಳ ವರ್ಷ ರೊಸಾರಿಯಾ ನನ್ನಲ್ಲಿ ಬೇಳೆ ಬೇಯಿಸಿದಳು. ಈಗ ನನ್ನ ತಟ್ಟೆ ಕಾಯುವುದಿಲ್ಲ. ಬಾಲ್ಕನಿಯಲ್ಲಿ ಬಟ್ಟೆಯ ಕ್ಲಿಪ್ಪುಗಳನ್ನು ತುಂಬಿಕೊಂಡು ಕೂತಿದ್ದೇನೆ. ಹೆದರಿಕೆಯಲ್ಲಿ ಬಂದ ಮಾತು ಅದು ಎಂದು ನನಗೆ ಗೊತ್ತು. ಆದರೂ ರಾಯರ ಮಂಚದ ಪಕ್ಕ ಕೂತಿದ್ದವಳನ್ನು ನನ್ನದಲ್ಲ ಎಂದರಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಆ ತಿಥಿಯ ದಿನದ್ದು ಇನ್ನೊಂದನ್ನು ಮಾತ್ರ ಹೇಳಿಬಿಡಬೇಕು. ಅಡುಗೆಮನೆಗೆ ತಂದ ಮೇಲೆ ರೊಸಾರಿಯಾ ನನ್ನ ಮುಚ್ಚಳ ತೆಗೆದು, ಒಂದು ಅಗುಳು ಹಿಸುಕಿ ನೋಡಿದಳು. ಅರ್ಧ ಬೆಂದಿತ್ತು. ಪಾತ್ರೆಯನ್ನು ಎತ್ತಿ ಗ್ಯಾಸಿನ ಮೇಲಿಟ್ಟು, ತಟ್ಟೆ ಮುಚ್ಚಿ, ಉರಿ ಸಣ್ಣದು ಮಾಡಿ, ಬೇಯುವವರೆಗೂ ಅಲ್ಲೇ ನಿಂತಳು. ಆಮೇಲೆ ಶುಭ್ರವಾದ ಟವೆಲಿನಲ್ಲಿ ಪಾತ್ರೆ ಸುತ್ತಿಕೊಂಡು, ನೋಯುವ ಮಂಡಿಯಲ್ಲೇ ಮತ್ತೆ ಮೂರು ಮಹಡಿ ಹತ್ತಿದಳು.

ಕುಸುಮಾತಾಯಿ ಬಾಗಿಲು ತೆರೆದರು. ಕಾಗೆಗೆ ಇಡುವ ಅನ್ನವನ್ನು ಅವರು ಎಂದೂ ಇನ್ನೊಬ್ಬರ ಕೈಯಲ್ಲಿ ಬೇಯಿಸಿದವರಲ್ಲ. ರೊಸಾರಿಯಾ ಬಿಸಿ ಅನ್ನದ ಪಾತ್ರೆಯನ್ನು ಮುಂದೆ ಚಾಚಿದಳು. ಕುಸುಮಾತಾಯಿ ಸೆರಗು ಹಿಡಿದು, ಎರಡೂ ಕೈಯಲ್ಲಿ ತೆಗೆದುಕೊಂಡರು.